ಕಬ್ಬಿನ ನಾಡಿನಲ್ಲಿ ಎಥನಾಲ್: ಲಭ್ಯತೆ ಎಲ್ಲಿ, ದರವೆಷ್ಟು?

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ವಾಹನ ಮಾಲೀಕರ ದೃಷ್ಟಿಯಿಂದ ಒಂದು ಅವಲೋಕನ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೈಲಹೊಂಗಲದಿಂದ ಸವದತ್ತಿಯತ್ತ ಕಾರು ಓಡಿಸುವವರಿಗೆ ತಾಳ್ಮೆ ಬೇಕಾಗುತ್ತದೆ. ಎರಡೆರಡು ಟ್ರೇಲರುಗಳಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಆ ಕಬ್ಬಿನ ರಸದಿಂದ ಸಕ್ಕರೆಯಾಗುತ್ತದೆ, ಉಳಿದ ಕಾಕಂಬಿಯಿಂದ ಎಥನಾಲ್ ಆಗುತ್ತದೆ. ಆ ಎಥನಾಲ್ ಟ್ಯಾಂಕರುಗಳಲ್ಲಿ ತೈಲ ಕಂಪನಿಗಳ ಡಿಪೋ ಸೇರಿ, ಪೆಟ್ರೋಲಿನೊಡನೆ ಬೆರೆತು, ಅದೇ ರಸ್ತೆಯ ಬದಿಯ ಬಂಕಿಗೆ ಮರಳಿ ಬರುತ್ತದೆ. ಹೀಗೆ ಟ್ರ್ಯಾಕ್ಟರಿನ ಹಿಂದೆ ಕಾಯುತ್ತ ನಿಂತ ಕಾರಿನ ಟ್ಯಾಂಕಿನಲ್ಲಿಯೂ ಐದನೆಯ ಒಂದು ಪಾಲು ಎಥನಾಲೇ ಇರುತ್ತದೆ.

ಆದರೂ ನಮ್ಮ ಭಾಗದ ವಾಹನ ಪ್ರಿಯರು ಕೇಳುವ ಎರಡು ಸರಳ ಪ್ರಶ್ನೆಗಳಿಗೆ ಸರಳ ಉತ್ತರ ದೊರೆಯುವುದಿಲ್ಲ. ನಮ್ಮ ಹೊಲದ ಕಬ್ಬಿನಿಂದಾದ ಎಥನಾಲನ್ನು ಇಂಧನವಾಗಿ ನಾವೇ ಏಕೆ ಕೊಳ್ಳಲಾಗದು? ಬೆರಕೆಯ ಪೆಟ್ರೋಲಿನಲ್ಲಿ ಊರಿನ ಸರಕಿನ ಪಾಲು ಇಷ್ಟು ಹೆಚ್ಚಿದ ಮೇಲೂ ದರವೇಕೆ ಇಳಿಯಲಿಲ್ಲ? ಸಾಗಣೆ, ಟ್ಯಾಕ್ಸಿ, ಸಗಟು ವ್ಯಾಪಾರ, ಪೆಟ್ರೋಲ್ ಬಂಕು ಹಾಗೂ ಸಕ್ಕರೆ ಉದ್ಯಮಗಳಲ್ಲಿ ತೊಡಗಿರುವ ನಮ್ಮ ಸದಸ್ಯ ಬಾಂಧವರೆಲ್ಲರಿಗೂ ಸಂಬಂಧಿಸಿದ ಈ ವಿಷಯವನ್ನು ಅಂಕಿಅಂಶಗಳ ಆಧಾರದ ಮೇಲೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮಲಪ್ರಭೆಯ ದಂಡೆಯ ಸಕ್ಕರೆ ವಲಯ

ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಮಲಪ್ರಭಾ ನದಿಯೇ ಈ ನಾಲ್ಕು ತಾಲೂಕುಗಳನ್ನು ಬೆಸೆಯುವ ಸೂತ್ರ. ನವಿಲುತೀರ್ಥದಲ್ಲಿ 1972ರಲ್ಲಿ ಪೂರ್ಣಗೊಂಡ ಜಲಾಶಯವು ಕಬ್ಬಿನ ಬೆಳೆಗೆ ಬೆಂಬಲವಾಯಿತು. ಹತ್ತಿ ಮತ್ತು ಜೋಳಕ್ಕೆ ಹೆಸರಾಗಿದ್ದ ಈ ಸೀಮೆ ಕ್ರಮೇಣ ಸಕ್ಕರೆಯ ಸೀಮೆಯೂ ಆಯಿತು. ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಬೈಲಹೊಂಗಲ ತಾಲೂಕಿನ ಸಿದ್ಧಸಮುದ್ರದಲ್ಲಿ ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ, ರಾಮದುರ್ಗ ತಾಲೂಕಿನ ಖಾನಪೇಠದಲ್ಲಿ ಧನಲಕ್ಷ್ಮಿ ಸಹಕಾರಿ ಕಾರ್ಖಾನೆ, ಉದಪುಡಿಯಲ್ಲಿ ಶಿವಸಾಗರ ಕಾರ್ಖಾನೆ ತಲೆಯೆತ್ತಿದವು. ಸವದತ್ತಿ ಸೀಮೆಯ ಮುನವಳ್ಳಿಯಲ್ಲಿ ಶ್ರೀ ರೇಣುಕಾ ಶುಗರ್ಸ್ ತನ್ನ ಮೊದಲ ಕಾರ್ಖಾನೆಯನ್ನು ಸ್ಥಾಪಿಸಿ, ಸಕ್ಕರೆ, ವಿದ್ಯುತ್ ಹಾಗೂ ಎಥನಾಲ್ ಮೂರನ್ನೂ ಒಂದೇ ಆವರಣದಲ್ಲಿ ಉತ್ಪಾದಿಸುವ ಮಾದರಿಯನ್ನು ಬೆಳೆಸಿತು. ನೆರೆಯಲ್ಲಿ ಹಳಿಯಾಳ ಮತ್ತು ಮುಧೋಳ ತಾಲೂಕಿನ ಸಮೀರವಾಡಿಗಳಲ್ಲೂ ಡಿಸ್ಟಿಲರಿಗಳಿವೆ. ಸಕ್ಕರೆ ತಂತ್ರಜ್ಞಾನದ ಶಿಕ್ಷಣಕ್ಕೆ ಬೆಳಗಾವಿಯಲ್ಲಿಯೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

ಕಚ್ಚಾವಸ್ತು, ಯಂತ್ರ, ತಜ್ಞತೆ, ಮಾರುಕಟ್ಟೆ ಇವೆಲ್ಲವೂ ಒಂದೇ ಜಿಲ್ಲೆಯ ಸುತ್ತಮುತ್ತ ಇರುವ ಇಂತಹ ಪ್ರದೇಶಗಳು ದೇಶದಲ್ಲಿ ವಿರಳ. ಆದುದರಿಂದ ಎಥನಾಲ್ ಇಂಧನ ಎಲ್ಲಿಯಾದರೂ ಅಗ್ಗವಾಗಿ, ಸುಲಭವಾಗಿ ದೊರೆಯಬೇಕಾದರೆ ಅದು ಇಲ್ಲಿಯೇ ದೊರೆಯಬೇಕು. ವಾಸ್ತವವು ಹಾಗಿಲ್ಲವೆಂಬುದೇ ನಮ್ಮ ಚರ್ಚೆಯ ವಿಷಯ.

ಮೀರಜದಿಂದ ಬೆಂಗಳೂರಿನವರೆಗೆ

ಪೆಟ್ರೋಲಿನಲ್ಲಿ ಮದ್ಯಸಾರ ಬೆರೆಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1948ರಲ್ಲಿಯೇ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಜಾರಿಗೆ ಬಂದಿತ್ತು. ಅಗ್ಗದ ತೈಲದ ಕಾಲದಲ್ಲಿ ಅದು ಮರೆತುಹೋಗಿ 2000ದಲ್ಲಿ ರದ್ದಾಯಿತು. ವಿಚಿತ್ರವೆಂದರೆ, ಅದರ ಮರುವರ್ಷವೇ, ಅಂದರೆ 2001ರಲ್ಲಿ, ಮಿಶ್ರಣದ ಪ್ರಾಯೋಗಿಕ ಯೋಜನೆಗಳು ಹೊಸದಾಗಿ ಆರಂಭವಾದವು. ಅವುಗಳಲ್ಲಿ ಒಂದು ನಮ್ಮ ಗಡಿಯಾಚೆಯ ಮೀರಜದಲ್ಲಿಯೇ ಇತ್ತು. 2003ರ ಜನವರಿಯಿಂದ ಕರ್ನಾಟಕವೂ ಸೇರಿದಂತೆ 9 ರಾಜ್ಯಗಳು ಹಾಗೂ 4 ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ. 5ರ ಮಿಶ್ರಣಕ್ಕೆ ಆದೇಶವಾಯಿತು. 2006ರಲ್ಲಿ ಅದು 20 ರಾಜ್ಯಗಳಿಗೆ ವಿಸ್ತರಿಸಿತು.

ಆದೇಶವಿದ್ದರೂ ಸರಬರಾಜು ಆಗಲಿಲ್ಲ. 2013-14ರಲ್ಲಿ ದೇಶದ ಸರಾಸರಿ ಮಿಶ್ರಣ ಶೇ. 1.53 ಮಾತ್ರ, ಪೂರೈಕೆಯಾದ ಎಥನಾಲ್ 38 ಕೋಟಿ ಲೀಟರ್. ಕಾರ್ಖಾನೆಗಳಿಗೆ ಸಿಗುತ್ತಿದ್ದ ದರ ಲಾಭದಾಯಕವಾಗಿರಲಿಲ್ಲ. 2014ರ ಡಿಸೆಂಬರಿನಲ್ಲಿ ಡಿಪೋಗೆ ತಲುಪಿಸಿದ ದರವನ್ನು ಲೀಟರಿಗೆ 48.50 ರೂ.ಗಳಿಂದ 49.50 ರೂ.ಗಳವರೆಗೆ ನಿಗದಿ ಮಾಡಲಾಯಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಕಬ್ಬಿನ ರಸ, ಭಾರಿ ಕಾಕಂಬಿ ಹಾಗೂ ಕೆಟ್ಟ ಧಾನ್ಯಗಳಿಂದಲೂ ಎಥನಾಲ್ ತಯಾರಿಸಲು ಅವಕಾಶ ನೀಡಿತು. ಅದೇ ವರ್ಷ ಮಿಶ್ರಣಕ್ಕೆ ಪೂರೈಸುವ ಎಥನಾಲಿನ ಮೇಲಿನ ಜಿ.ಎಸ್.ಟಿ.ಯನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಆನಂತರದ ಬೆಳವಣಿಗೆ ವೇಗವಾಗಿ ನಡೆಯಿತು. 2022ರ ಜೂನ್‌ನಲ್ಲಿ ಶೇ. 10 ಸಾಧಿಸಲಾಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಪ್ರಧಾನಮಂತ್ರಿಗಳು ಶೇ. 20ರ ಮಿಶ್ರಣವಾದ ಇ-20 ಪೆಟ್ರೋಲಿಗೆ ಚಾಲನೆ ನೀಡಿದರು. ಮೊದಲು 2030ಕ್ಕೆ ಇಟ್ಟುಕೊಂಡಿದ್ದ ಶೇ. 20ರ ಗುರಿಯನ್ನು ದೇಶವು 2025ರಲ್ಲಿಯೇ ಮುಟ್ಟಿತು.

ಡಿಸ್ಟಿಲರಿಯ ಬಾಗಿಲಿನಿಂದ ಬಂಕಿಗೆ

ಮುನವಳ್ಳಿಯ ಡಿಸ್ಟಿಲರಿಯ ಮುಂದೆ ಕಾರು ನಿಲ್ಲಿಸಿ ಹತ್ತು ಲೀಟರ್ ಎಥನಾಲ್ ಕೇಳಿದರೆ ದೊರೆಯುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ ಎಥನಾಲ್ ಮೂಲತಃ ಮದ್ಯಸಾರ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅದರ ತಯಾರಿಕೆ, ದಾಸ್ತಾನು, ಸಾಗಣೆಗಳೆಲ್ಲ ಪರವಾನಗಿಗೆ ಒಳಪಟ್ಟಿವೆ. ಎರಡನೆಯದಾಗಿ, ಇಂಧನ ಎಥನಾಲಿಗೆ ಖರೀದಿದಾರರು ಬಹುಮಟ್ಟಿಗೆ ಸಾರ್ವಜನಿಕ ವಲಯದ ಮೂರು ತೈಲ ಕಂಪನಿಗಳೇ. ನವೆಂಬರಿನಿಂದ ಅಕ್ಟೋಬರಿನವರೆಗಿನ ಎಥನಾಲ್ ವರ್ಷಕ್ಕೆ ಅವು ಟೆಂಡರ್ ಕರೆದು ಪ್ರತಿ ಕಾರ್ಖಾನೆಗೆ ಇಂತಿಷ್ಟು ಎಂದು ಹಂಚಿಕೆ ಮಾಡುತ್ತವೆ. ಹೀಗೆ ಹಂಚಿಕೆಯಾದ ಎಥನಾಲ್ ನಿರ್ದಿಷ್ಟ ಡಿಪೋಗೆ ಹೋಗುತ್ತದೆ, ಮಿಶ್ರಣವು ಅಲ್ಲಿಯೇ ಆಗುತ್ತದೆ.

ಆದುದರಿಂದ ಕಾರ್ಖಾನೆಯ ನೆರೆಯವನಿಗೂ ನೂರಾರು ಮೈಲಿ ದೂರದವನಿಗೂ ಲಭ್ಯತೆಯಲ್ಲಿ ವ್ಯತ್ಯಾಸವಿಲ್ಲ. ಬೈಲಹೊಂಗಲದ ಬಂಕಿನಲ್ಲಿ ದೊರೆಯುವುದು ಬೀದರಿನ ಬಂಕಿನಲ್ಲಿ ದೊರೆಯುವ ಅದೇ ಇ-20. ಹಳೆಯ ವಾಹನಗಳವರಿಗೆ ಕಡಿಮೆ ಮಿಶ್ರಣದ ಪೆಟ್ರೋಲನ್ನು ಆಯ್ದುಕೊಳ್ಳುವ ಅವಕಾಶವೂ ಇಲ್ಲ. 2021ರ ಜೂನ್‌ನಲ್ಲಿ ನೀತಿ ಆಯೋಗವು ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹಳೆಯ ವಾಹನಗಳ ರಕ್ಷಣೆಗಾಗಿ ಶೇ. 10ರ ಮಿಶ್ರಣವನ್ನೂ ಲಭ್ಯವಿರಿಸಬೇಕೆಂಬ ಸಲಹೆ ಇತ್ತು. ಕಾರ್ಯರೂಪದಲ್ಲಿ ಅದು ಹಿಂದೆ ಬಿದ್ದಿತು. ಇ-20ರ ಕಡ್ಡಾಯವನ್ನು ಪ್ರಶ್ನಿಸಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ದರ ಇಳಿಯದಿರುವುದಕ್ಕೆ ಕಾರಣ

ಎಥನಾಲಿನ ಖರೀದಿ ದರವನ್ನು ಕೇಂದ್ರ ಸರ್ಕಾರವು ಕಚ್ಚಾವಸ್ತುವಿಗೆ ಅನುಗುಣವಾಗಿ ನಿಗದಿಪಡಿಸುತ್ತದೆ. ಸಕ್ಕರೆಯನ್ನೆಲ್ಲ ತೆಗೆದ ನಂತರ ಉಳಿಯುವ ಸಿ-ದರ್ಜೆಯ ಕಾಕಂಬಿ, ಸ್ವಲ್ಪ ಸಕ್ಕರೆಯನ್ನು ಉಳಿಸಿಕೊಂಡ ಬಿ-ದರ್ಜೆಯ ಕಾಕಂಬಿ ಹಾಗೂ ನೇರ ಕಬ್ಬಿನ ರಸ ಇವು ಮೂರು ಮುಖ್ಯ ವರ್ಗಗಳು. 2018-19ರ ಎಥನಾಲ್ ವರ್ಷಕ್ಕೆ ಸಿ-ದರ್ಜೆಗೆ 43.46 ರೂ., ಬಿ-ದರ್ಜೆಗೆ 52.43 ರೂ. ಇದ್ದ ದರವು 2024-25ರಲ್ಲಿ ಸಿ-ದರ್ಜೆಗೆ 57.97 ರೂ., ಬಿ-ದರ್ಜೆಗೆ 60.73 ರೂ., ರಸಕ್ಕೆ 65.61 ರೂ. ಆಯಿತು. ಮೆಕ್ಕೆಜೋಳದ ಎಥನಾಲಿಗೆ 71.86 ರೂ. ಕೊಡಲಾಯಿತು. ಸಾಗಣೆ ವೆಚ್ಚ ಹಾಗೂ ಜಿ.ಎಸ್.ಟಿ. ಸೇರಿ ಎಲ್ಲ ಬಗೆಯ ಎಥನಾಲಿನ ಸರಾಸರಿ ಬೆಲೆ 2025ರ ಜುಲೈ ಅಂತ್ಯಕ್ಕೆ ಲೀಟರಿಗೆ 71.32 ರೂ. ಎಂದು ಪೆಟ್ರೋಲಿಯಂ ಸಚಿವಾಲಯವೇ ಪ್ರಕಟಿಸಿತು.

ಇದನ್ನು ಪೆಟ್ರೋಲಿನೊಡನೆ ಹೋಲಿಸಿ ನೋಡೋಣ. 2025ರ ಮಧ್ಯಭಾಗದಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲಿನ ಚಿಲ್ಲರೆ ದರ ಲೀಟರಿಗೆ ಸುಮಾರು 103 ರೂ. ಇತ್ತು. ಇದರಲ್ಲಿ ತೆರಿಗೆ ರಹಿತ ಮೂಲ ಬೆಲೆ ಸುಮಾರು 54 ರೂ., ಕೇಂದ್ರದ ಸುಂಕ 21.90 ರೂ., ಬಂಕಿನವರ ಕಮಿಷನ್ ನಾಲ್ಕು ರೂಪಾಯಿಗಳ ಆಸುಪಾಸು, ಉಳಿದುದು ರಾಜ್ಯದ ಮಾರಾಟ ತೆರಿಗೆ. ಈ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 25.92ರಿಂದ ಶೇ. 29.84ಕ್ಕೆ ಏರಿಸಲಾಗಿತ್ತು. ಅಂದರೆ ಮೂಲ ಬೆಲೆಯ ಮಟ್ಟದಲ್ಲಿ ಪೆಟ್ರೋಲಿಗಿಂತ ಎಥನಾಲೇ ಸುಮಾರು 17 ರೂ. ದುಬಾರಿ.

ಸುಂಕ ತೆತ್ತ ಪೆಟ್ರೋಲಿಗೆ ಜಿ.ಎಸ್.ಟಿ. ತೆತ್ತ ಎಥನಾಲನ್ನು ಬೆರೆಸಿದಾಗ ಎಥನಾಲಿನ ಪಾಲಿಗೆ ಮತ್ತೆ ಕೇಂದ್ರ ಸುಂಕ ಬೀಳುವುದಿಲ್ಲ. ಅದನ್ನು ಗಣಿಸಿ ಲೆಕ್ಕ ಹಾಕಿದರೆ ಶುದ್ಧ ಪೆಟ್ರೋಲಿನ ಬೆಲೆ ಹಾಗೂ ಕೇಂದ್ರ ಸುಂಕ ಸೇರಿ 75.90 ರೂ. ಆಗುತ್ತದೆ. ಇ-20ರ ಒಂದು ಲೀಟರಿನಲ್ಲಿ 800 ಮಿ.ಲೀ. ಪೆಟ್ರೋಲಿಗೆ 43.20 ರೂ., ಅದರ ಸುಂಕಕ್ಕೆ 17.52 ರೂ., 200 ಮಿ.ಲೀ. ಎಥನಾಲಿಗೆ 14.26 ರೂ., ಒಟ್ಟು 74.98 ರೂ. ಆಗುತ್ತದೆ. ಉಳಿತಾಯ ಒಂದು ರೂಪಾಯಿಯಷ್ಟೂ ಇಲ್ಲ. ಕಚ್ಚಾತೈಲದ ದರ ಏರಿದರೆ ಈ ಲೆಕ್ಕ ಎಥನಾಲಿನ ಪರವಾಗಿ ವಾಲುತ್ತದೆ, ಇಳಿದರೆ ವಿರುದ್ಧವಾಗುತ್ತದೆ. ಕಾರ್ಖಾನೆಯ ನೆರಳಿನಲ್ಲಿದ್ದರೂ ಬಂಕಿನ ದರಫಲಕ ಏಕೆ ಕದಲಲಿಲ್ಲವೆಂಬ ಪ್ರಶ್ನೆಗೆ ಇದೇ ಉತ್ತರ.

ಇನ್ನು ಗ್ರಾಹಕನ ಕಡೆಯ ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರನೆಯ ಎರಡು ಪಾಲು ಮಾತ್ರ ಒಂದು ಲೀಟರ್ ಎಥನಾಲಿನಲ್ಲಿರುತ್ತದೆ. ಆದಕಾರಣ ಇ-20ರಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು, ಇ-10ಕ್ಕಿಂತ ಶೇ. 3.5ರಷ್ಟು ಕಡಿಮೆ ಶಕ್ತಿ ಇದೆ. ಇ-10ಕ್ಕೆ ವಿನ್ಯಾಸಗೊಂಡು ಇ-20ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಇಳಿಕೆ ಶೇ. 1ರಿಂದ 2, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡ ಹಳೆಯ ಕಾರುಗಳಲ್ಲಿ ಶೇ. 6ರಿಂದ 7 ಎಂದು ನೀತಿ ಆಯೋಗದ ವರದಿ ಅಂದಾಜಿಸಿತ್ತು. ಲೀಟರಿಗೆ 18 ಕಿ.ಮೀ. ಓಡುತ್ತಿದ್ದ ಕಾರಿನಲ್ಲಿ ಶೇ. 4ರಷ್ಟು ಇಳಿಕೆಯಾದರೆ, ತಿಂಗಳಿಗೆ 1,000 ಕಿ.ಮೀ. ಓಡುವವರಿಗೆ ಸುಮಾರು 2.3 ಲೀಟರ್, ಎಂದರೆ 238 ರೂ. ಹೆಚ್ಚುವರಿ ಖರ್ಚು. ರಾಮದುರ್ಗದಿಂದ ಬೆಳಗಾವಿಗೆ ದಿನನಿತ್ಯ ಹೋಗಿಬರುವ ಟ್ಯಾಕ್ಸಿಯವರಿಗೆ ಈ ಮೊತ್ತ ಹಲವು ಪಟ್ಟಾಗುತ್ತದೆ.

ಇ-100: ಘೋಷಣೆಯಾದದ್ದು, ತಲುಪದಿರುವುದು

ವಾಹನ ಪ್ರಿಯರ ಕುತೂಹಲ ಇ-20ಕ್ಕಿಂತ ಹೆಚ್ಚಾಗಿ ಇ-85 ಹಾಗೂ ಇ-100 ಇಂಧನಗಳ ಮೇಲಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಎಥನಾಲಿನ ಆಕ್ಟೇನ್ ಅಂಶ 108ರ ಆಸುಪಾಸಿನಲ್ಲಿದೆ. ಅದು ಆವಿಯಾಗುವಾಗ ಒಳಸೇರುವ ಗಾಳಿಯನ್ನು ತಂಪಾಗಿಸುತ್ತದೆ. ಹೆಚ್ಚಿನ ಸಂಕೋಚನ ಪ್ರಮಾಣದ ಎಂಜಿನ್ನಿನಲ್ಲಿ ಬಡಿತವಿಲ್ಲದೆ ಹೆಚ್ಚು ಬಲ ಕೊಡುತ್ತದೆ. ಅಮೆರಿಕದ ಇಂಡಿಕಾರ್ ಪಂದ್ಯಗಳು 2007ರಲ್ಲಿಯೇ ಎಥನಾಲಿಗೆ ಬದಲಾಗಿದ್ದವು.

2021ರ ಜೂನ್ 5ರಂದು ಪುಣೆಯ ಮೂರು ಬಂಕುಗಳಲ್ಲಿ ಇ-100 ಮಾರಾಟ ಪ್ರಾಯೋಗಿಕವಾಗಿ ಆರಂಭವಾಯಿತು. 2024ರ ಮಾರ್ಚ್‌ನಲ್ಲಿ ‘ಎಥನಾಲ್ 100’ ಎಂಬ ಹೆಸರಿನಲ್ಲಿ ಐದು ರಾಜ್ಯಗಳ 183 ಬಂಕುಗಳಲ್ಲಿ ಅದನ್ನು ಪರಿಚಯಿಸಲಾಯಿತು. ಆ ಐದರಲ್ಲಿ ಕರ್ನಾಟಕವೂ ಒಂದು. ಹೆಸರು ನೂರಾದರೂ ಅದರಲ್ಲಿ ಎಥನಾಲ್ ಶೇ. 93ರ ಆಸುಪಾಸು. ಉಳಿದುದು ಪೆಟ್ರೋಲ್ ಮತ್ತು ಸಹದ್ರಾವಕ.

ಆದರೆ ಅದನ್ನು ಬಳಸುವ ವಾಹನಗಳೆಲ್ಲಿ? ಟಿ.ವಿ.ಎಸ್. ಸಂಸ್ಥೆಯು 2019ರಲ್ಲಿ, ಹೋಂಡಾ ಸಂಸ್ಥೆಯು 2024ರಲ್ಲಿ ಎಥನಾಲಿಗೆ ಒಗ್ಗುವ ಮೋಟಾರ್ ಸೈಕಲುಗಳನ್ನು ಹೊರತಂದವು. ನಮ್ಮ ರಾಜ್ಯದ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೊಟಾ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ಫ್ಲೆಕ್ಸ್ ಇಂಧನದ ಇನ್ನೋವಾ ಹೈಕ್ರಾಸ್ ಮಾದರಿಯನ್ನು ಪ್ರದರ್ಶಿಸಿತು. ಮಾರುತಿಯು 2022ರ ಡಿಸೆಂಬರಿನಲ್ಲಿ ವ್ಯಾಗನ್ ಆರ್ ಮಾದರಿಯನ್ನು ತೋರಿಸಿತು. ಆದರೆ 2025ರ ಕೊನೆಯವರೆಗೂ ಸಾಮಾನ್ಯ ಗ್ರಾಹಕನು ಮಳಿಗೆಗೆ ಹೋಗಿ ಕೊಳ್ಳಬಹುದಾದ ಫ್ಲೆಕ್ಸ್ ಇಂಧನದ ಕಾರು ದೇಶದಲ್ಲಿ ಇರಲಿಲ್ಲ. ಕಾರಿಲ್ಲದೆ ಬಂಕಿಗೆ ಗಿರಾಕಿಯಿಲ್ಲ, ಬಂಕಿಲ್ಲದೆ ಕಾರಿಗೆ ಗಿರಾಕಿಯಿಲ್ಲ. ಈ ಗಂಟನ್ನು ಬಿಡಿಸುವುದು ದರವೊಂದೇ.

ದೂರದ ಬ್ರೆಜಿಲ್, ಹತ್ತಿರದ ಪಾಠ

ಇದೇ ಗಂಟನ್ನು ಬಿಡಿಸಿದ ದೇಶ ಬ್ರೆಜಿಲ್. 2010ರಲ್ಲಿ ನಮ್ಮ ಮುನವಳ್ಳಿಯಿಂದ ಬೆಳೆದ ಶ್ರೀ ರೇಣುಕಾ ಶುಗರ್ಸ್ ಆ ದೇಶದ ಕಾರ್ಖಾನೆಗಳನ್ನು ಖರೀದಿಸಿದಾಗ ಬೆಳಗಾವಿ ಜಿಲ್ಲೆಯ ವಾಣಿಜ್ಯ ವಲಯಕ್ಕೂ ಆ ಹೆಸರು ಪರಿಚಿತವಾಯಿತು. 1975ರಲ್ಲಿ ರಾಷ್ಟ್ರೀಯ ಮದ್ಯಸಾರ ಯೋಜನೆಯನ್ನು ಆರಂಭಿಸಿದ ಬ್ರೆಜಿಲ್‌ನಲ್ಲಿ 1979ರಲ್ಲಿ ಎಥನಾಲಿನಿಂದಲೇ ಓಡುವ ಫಿಯೆಟ್ 147 ಕಾರು ಮಾರುಕಟ್ಟೆಗೆ ಬಂದಿತು. 1980ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಬಹುಪಾಲು ಎಥನಾಲ್ ಕಾರುಗಳೇ. ಆದರೆ ಸಕ್ಕರೆಯ ದರ ಏರಿ ಕಾರ್ಖಾನೆಗಳು ಸಕ್ಕರೆಯತ್ತ ಹೊರಳಿದಾಗ, 1989-90ರಲ್ಲಿ ಬಂಕುಗಳಲ್ಲಿ ಎಥನಾಲ್ ಇಲ್ಲವಾಯಿತು. ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಮರಳಿದ ಗ್ರಾಹಕರು ಎಥನಾಲ್ ಕಾರುಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು. 2003ರಲ್ಲಿ ಯಾವ ಪ್ರಮಾಣದ ಮಿಶ್ರಣಕ್ಕೂ ಹೊಂದಿಕೊಳ್ಳುವ ಫೋಕ್ಸ್‌ವ್ಯಾಗನ್ ಗೋಲ್ ಕಾರು ಬಂದ ಮೇಲೆಯೇ ಆ ನಂಬಿಕೆ ಮರಳಿತು.

ಅಲ್ಲಿನ ಗ್ರಾಹಕನು ಬಂಕಿನಲ್ಲಿ ಒಂದು ಸುಲಭ ಲೆಕ್ಕ ಹಾಕುತ್ತಾನೆ. ಎಥನಾಲಿನ ದರವು ಪೆಟ್ರೋಲಿನ ದರದ ಶೇ. 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಹೆಚ್ಚಿದ್ದರೆ ಪೆಟ್ರೋಲ್. ಇದೇ ಅಳತೆಗೋಲನ್ನು ನಮ್ಮಲ್ಲಿಗೆ ಅನ್ವಯಿಸೋಣ. ಪೆಟ್ರೋಲ್ 103 ರೂ. ಇದ್ದಾಗ ಶೇ. 70 ಎಂದರೆ 72.10 ರೂ. ದೇಶದ ಸರಾಸರಿ ಎಥನಾಲ್ ಬೆಲೆ 71.32 ರೂ.ಗೆ ಬಂಕಿನವರ ಕಮಿಷನ್ ನಾಲ್ಕು ರೂಪಾಯಿ ಸೇರಿಸಿದರೆ 75 ರೂ. ದಾಟುತ್ತದೆ. ರಾಜ್ಯದ ತೆರಿಗೆ ಒಂದು ಪೈಸೆಯೂ ಇಲ್ಲದಿದ್ದರೂ ಗ್ರಾಹಕನಿಗೆ ಅದು ನಷ್ಟವೇ.

ಆದರೆ ದೇಶದ ಸರಾಸರಿಯನ್ನು ಬಿಟ್ಟು ನಮ್ಮ ತಾಲೂಕುಗಳ ಲೆಕ್ಕವನ್ನು ಪ್ರತ್ಯೇಕವಾಗಿ ನೋಡಿದರೆ ಚಿತ್ರ ಬದಲಾಗುತ್ತದೆ. ಸಿ-ದರ್ಜೆಯ ಕಾಕಂಬಿಯ ಎಥನಾಲ್ 57.97 ರೂ., ಶೇ. 5ರ ಜಿ.ಎಸ್.ಟಿ. ಸೇರಿ 60.87 ರೂ. ಕಮಿಷನ್ ಸೇರಿ ಸುಮಾರು 65 ರೂ. ಬಿ-ದರ್ಜೆಯ ಎಥನಾಲ್ ಇದೇ ಲೆಕ್ಕದಲ್ಲಿ ಸುಮಾರು 68 ರೂ. ಡಿಸ್ಟಿಲರಿಯಿಂದ ಬಂಕಿಗೆ ದೂರ ಅತ್ಯಲ್ಪವಾದುದರಿಂದ ಸಾಗಣೆಯ ಹೊರೆ ಹಗುರ. ಇವೆರಡೂ 72 ರೂ.ಗಳ ಮಿತಿಯೊಳಗೇ ಇವೆ. ನೇರ ರಸದ ಎಥನಾಲ್ ಮಾತ್ರ ಸುಮಾರು 73 ರೂ. ಆಗಿ ಮಿತಿಯನ್ನು ಸ್ವಲ್ಪ ಮೀರುತ್ತದೆ. ಅಂದರೆ ಸಾಮೀಪ್ಯ ಹಾಗೂ ಕಾಕಂಬಿ ಎಂಬ ಎರಡು ಅನುಕೂಲಗಳು ನಮ್ಮ ಭಾಗಕ್ಕಿವೆ. ಮೆಕ್ಕೆಜೋಳದ ದುಬಾರಿ ಎಥನಾಲಿನೊಡನೆ ಎಲ್ಲವನ್ನೂ ಸರಾಸರಿಗೆ ಸೇರಿಸುವ ವ್ಯವಸ್ಥೆಯಲ್ಲಿ ಈ ಅನುಕೂಲವು ಕರಗಿಹೋಗುತ್ತಿದೆ. ಪ್ರಸ್ತುತ ಲೇಖನವು ಸದಸ್ಯರ ಗಮನಕ್ಕೆ ತರಬಯಸುವ ಮುಖ್ಯಾಂಶವೇ ಇದು.

ಸರಬರಾಜಿನ ಅನಿಶ್ಚಿತತೆ

ದರವು ಹೊಂದಿದರೂ ಸರಬರಾಜು ನಂಬುವಂತಿರಬೇಕು. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರವು ಸಕ್ಕರೆಯ ಅಭಾವದ ಭೀತಿಯಿಂದ ಕಬ್ಬಿನ ರಸದ ಎಥನಾಲನ್ನು ಹಠಾತ್ತಾಗಿ ನಿಲ್ಲಿಸಿತು. ಸುಮಾರು ಒಂದು ವಾರದ ನಂತರ ಅದನ್ನು ಸಡಿಲಿಸಿ 17 ಲಕ್ಷ ಟನ್ ಸಕ್ಕರೆಯ ಮಿತಿಯನ್ನು ವಿಧಿಸಿತು. 2024ರ ಆಗಸ್ಟ್‌ನಲ್ಲಿ ಮುಂದಿನ ವರ್ಷಕ್ಕೆ ನಿರ್ಬಂಧವನ್ನು ತೆರವುಗೊಳಿಸಿತು. ಹಂಗಾಮಿನ ನಡುವೆ ಇಂತಹ ಏರಿಳಿತವಾದರೆ ಡಿಸ್ಟಿಲರಿಗೆ ಬಂಡವಾಳ ಹೂಡಿದವರ ಸ್ಥಿತಿ ಏನಾದೀತೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ.

2025-26ರ ವರ್ಷಕ್ಕೆ ಇನ್ನೊಂದು ಬಗೆಯ ಸಮಸ್ಯೆ ಎದುರಾಯಿತು. ತೈಲ ಕಂಪನಿಗಳು 1,050 ಕೋಟಿ ಲೀಟರಿಗೆ ಟೆಂಡರ್ ಕರೆದರೆ 1,776 ಕೋಟಿ ಲೀಟರ್ ಕೊಡಲು ಉತ್ಪಾದಕರು ಮುಂದೆ ಬಂದರು. ಹಂಚಿಕೆಯಾದ 1,048 ಕೋಟಿ ಲೀಟರಿನಲ್ಲಿ ಕಬ್ಬಿನ ಮೂಲದ ಪಾಲು ಸುಮಾರು 289 ಕೋಟಿ ಲೀಟರ್. ಉಳಿದುದೆಲ್ಲ ಧಾನ್ಯದ ಎಥನಾಲ್. 270 ಕೋಟಿ ಲೀಟರಿನ ಉತ್ಪಾದನಾ ಸಾಮರ್ಥ್ಯವಿರುವ ಕರ್ನಾಟಕಕ್ಕೆ ಕೇವಲ 47 ಕೋಟಿ ಲೀಟರ್ ಹಂಚಿಕೆಯಾಗಿದೆ ಎಂದು ರಾಜ್ಯ ಸರ್ಕಾರವು 2025ರ ನವೆಂಬರಿನಲ್ಲಿ ಕೇಂದ್ರಕ್ಕೆ ದೂರಿತು. ಅದೇ ದಿನಗಳಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂ. ದರಕ್ಕಾಗಿ ಹೋರಾಟಕ್ಕೆ ಕುಳಿತಿದ್ದರು. ಶೇ. 11.25 ಇಳುವರಿಗೆ ಟನ್ನಿಗೆ 3,300 ರೂ. ಎಂಬ ಸೂತ್ರದೊಡನೆ ಆ ಹೋರಾಟ ನಿಂತಿತು.

ಎಥನಾಲ್ ಹಂಚಿಕೆಗೂ ಬೆಳೆಗಾರನ ಬಾಕಿಗೂ ನೇರ ಸಂಬಂಧವಿದೆ. ಸಕ್ಕರೆ ಮಾರಾಟವಾಗಲು ತಿಂಗಳುಗಳು ಹಿಡಿದರೆ, ಎಥನಾಲಿನ ಹಣ ತೈಲ ಕಂಪನಿಗಳಿಂದ ಬೇಗ ಬರುತ್ತದೆ. ಆ ಹಣ ರೈತನಿಗೆ ಸೇರಿದರೆ ಬೈಲಹೊಂಗಲದ ಬಟ್ಟೆ ಅಂಗಡಿಗೂ, ರಾಮದುರ್ಗದ ಗೊಬ್ಬರದ ಅಂಗಡಿಗೂ ವಹಿವಾಟು. ಡಿಸ್ಟಿಲರಿ ಅರ್ಧ ಸಾಮರ್ಥ್ಯದಲ್ಲಿ ನಡೆದರೆ ಅದರ ಬಿಸಿ ಪೇಟೆಗೂ ತಟ್ಟುತ್ತದೆ. ದೇಶವು ಕೊಳ್ಳದೆ ಬಿಟ್ಟ ಎಥನಾಲಿಗೆ ಸ್ಥಳೀಯವಾಗಿಯೇ ಗಿರಾಕಿ ಸಿಕ್ಕರೆ ಎರಡು ಸಮಸ್ಯೆಗಳಿಗೂ ಒಂದೇ ಪರಿಹಾರವಾದೀತು. ಹಾಗೆಂದು ಕಬ್ಬಿನ ಪ್ರದೇಶವನ್ನು ಮನಬಂದಂತೆ ವಿಸ್ತರಿಸಬೇಕೆಂದು ಇದರ ಅರ್ಥವಲ್ಲ. ಮಲಪ್ರಭೆಯ ನೀರಿಗೆ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರೂ ಸೇರಿ ಹಲವು ಹಕ್ಕುದಾರರಿದ್ದಾರೆ. ಇರುವ ಕಬ್ಬಿನ ಕಾಕಂಬಿಗೆ ಒಳ್ಳೆಯ ಬೆಲೆ ದೊರಕಿಸುವುದು ಇಲ್ಲಿನ ಆಶಯ.

ವಾಹನ ಮಾಲೀಕರಿಗೂ ಬಂಕಿನವರಿಗೂ ಕೆಲವು ಸೂಚನೆಗಳು

2023ರ ಏಪ್ರಿಲ್ ನಂತರ ತಯಾರಾದ ವಾಹನಗಳ ಇಂಧನ ಭಾಗಗಳು ಇ-20ಕ್ಕೆ ಒಗ್ಗುವಂತಹವು. ಅದಕ್ಕಿಂತ ಹಳೆಯ ವಾಹನಗಳವರು ಮಾಲೀಕರ ಕೈಪಿಡಿಯನ್ನೂ ಟ್ಯಾಂಕಿನ ಮುಚ್ಚಳದ ಬಳಿಯ ಚೀಟಿಯನ್ನೂ ಓದಿಕೊಳ್ಳುವುದು ಒಳಿತು. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ನಂತರ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಾಯಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ತಿಳಿಸಿತು. ಇ-20 ಬಳಕೆಯಿಂದ ವಿಮೆ ರದ್ದಾಗುವುದಿಲ್ಲವೆಂದೂ ಆಗಲೇ ಸ್ಪಷ್ಟಪಡಿಸಿತು.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರಿನ ಅಂಶ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಆದುದರಿಂದ ಜಾತ್ರೆ, ಮದುವೆಗಳಿಗೆ ಮಾತ್ರ ಹೊರತೆಗೆಯುವ ಹಳೆಯ ಕಾರುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಬಾರದು. ಹಳೆಯ ಟ್ಯಾಂಕಿನ ಕೊಳೆಯನ್ನು ಎಥನಾಲ್ ಕರಗಿಸಿ ಹೊರತರುವುದರಿಂದ ಮೊದಲ ಕೆಲವು ತಿಂಗಳು ಇಂಧನ ಫಿಲ್ಟರಿನ ಮೇಲೆ ಕಣ್ಣಿಡಬೇಕು. ಬಂಕಿನವರು ಮಳೆಗಾಲದಲ್ಲಿ ನೆಲದಡಿಯ ಟ್ಯಾಂಕಿನ ಮುಚ್ಚಳಗಳನ್ನು ಭದ್ರಪಡಿಸಿ, ಎಥನಾಲ್ ಮಿಶ್ರಣಕ್ಕೆಂದೇ ತಯಾರಾದ ನೀರು-ಪತ್ತೆ ಪೇಸ್ಟಿನಿಂದ ನಿತ್ಯ ಪರೀಕ್ಷಿಸುವುದು ಅಗತ್ಯ. ಸಾಮಾನ್ಯ ಪೇಸ್ಟಿನಿಂದ ಇದು ನಿಖರವಾಗಿ ತಿಳಿಯುವುದಿಲ್ಲ. ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳಲ್ಲಿ ಸಾವಿರಾರು ವಾಹನಗಳು ಸವದತ್ತಿಯ ಬಂಕುಗಳನ್ನು ನಂಬಿ ಬರುತ್ತವೆ. ಒಂದು ದಿನದ ನಿರ್ಲಕ್ಷ್ಯ ವರ್ಷದ ಹೆಸರನ್ನು ಕೆಡಿಸಬಲ್ಲದು.

ಇನ್ನು ಉತ್ಸಾಹಿ ಯುವಕರಿಗೆ ಒಂದು ಮಾತು. ಸ್ಪಿರಿಟನ್ನು ಎಲ್ಲಿಂದಲೋ ತಂದು ತಾವೇ ಟ್ಯಾಂಕಿಗೆ ಬೆರೆಸುವುದು ಅಬಕಾರಿ ಕಾಯ್ದೆಯ ಉಲ್ಲಂಘನೆಯಷ್ಟೇ ಅಲ್ಲ, ಬೆಂಕಿಯೊಡನೆ ಸರಸ. ಅನುಮೋದನೆಯಿಲ್ಲದ ಪರಿವರ್ತನಾ ಕಿಟ್‌ಗಳೂ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ.

ನಾವು ಕೇಳಬೇಕಾದುದು

ಮೇಲಿನ ಪರಿಶೀಲನೆಯಿಂದ ನಾಲ್ಕು ಬೇಡಿಕೆಗಳು ಸಹಜವಾಗಿ ಹೊರಡುತ್ತವೆ. ಒಂದು, ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ಕಿತ್ತೂರು ಅಥವಾ ಎಂ.ಕೆ. ಹುಬ್ಬಳ್ಳಿಯಲ್ಲಿ ಒಂದು, ಒಳನಾಡಿನ ಸವದತ್ತಿಯಲ್ಲಿ ಒಂದು, ಹೀಗೆ ಕನಿಷ್ಠ ಎರಡು ಬಂಕುಗಳಲ್ಲಿ ಇ-100 ಅಥವಾ ಇ-85 ದೊರೆಯಬೇಕು. ಪುಣೆಯಲ್ಲಿ ತುಂಬಿಸಿಕೊಂಡ ವಾಹನಕ್ಕೆ ನಡುದಾರಿಯಲ್ಲಿ ನಿಲುಗಡೆ ಬೇಕೇ ಬೇಕು. ಎರಡು, ಆ ಇಂಧನಕ್ಕೆ ಹತ್ತಿರದ ಡಿಸ್ಟಿಲರಿಯ ಕಾಕಂಬಿ ಎಥನಾಲನ್ನೇ ಒದಗಿಸಿ, ಪೆಟ್ರೋಲಿನ ಶೇ. 70ರೊಳಗೆ ದರ ನಿಲ್ಲುವಂತೆ ನೋಡಿಕೊಳ್ಳಬೇಕು. ಮೂರು, ರಾಜ್ಯ ಸರ್ಕಾರವು ಇದರ ಮೇಲೆ ತೆರಿಗೆ ಹೇರದಿರಬೇಕು. ಕೈಗಾರಿಕಾ ಮದ್ಯಸಾರದ ಮೇಲೆಯೂ ರಾಜ್ಯಗಳಿಗೆ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2024ರ ಅಕ್ಟೋಬರ್ 23ರಂದು ತೀರ್ಪಿತ್ತಿರುವುದರಿಂದ ಈ ಭರವಸೆಯನ್ನು ಮುಂಚಿತವಾಗಿಯೇ ಪಡೆಯುವುದು ಕ್ಷೇಮ. ನಾಲ್ಕು, ಹಳೆಯ ವಾಹನಗಳಿಗಾಗಿ ಪ್ರತಿ ತಾಲೂಕಿನ ಒಂದು ಬಂಕಿನಲ್ಲಾದರೂ ಕಡಿಮೆ ಮಿಶ್ರಣದ ಪೆಟ್ರೋಲ್ ಲಭ್ಯವಿರಬೇಕು.

ಇವುಗಳಲ್ಲಿ ಯಾವುದೂ ಸಬ್ಸಿಡಿಯ ಬೇಡಿಕೆಯಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಹತ್ತಿರದಲ್ಲಿ ತಯಾರಾದ ಸರಕು ಹತ್ತಿರದಲ್ಲಿ ಅಗ್ಗವಾಗಿ ಸಿಗಬೇಕೆಂಬುದು ವ್ಯಾಪಾರದ ಮೊದಲ ಪಾಠ. ಬೈಲಹೊಂಗಲದ ಹತ್ತಿಯೂ ಜೋಳವೂ ತಲೆಮಾರುಗಳಿಂದ ಹಾಗೆಯೇ ಮಾರಾಟವಾಗಿವೆ. ಕಬ್ಬಿನ ಇಂಧನ ಮಾತ್ರ ಅದಕ್ಕೆ ಅಪವಾದವಾಗಿ ಉಳಿಯಬೇಕಾದ ಕಾರಣವಿಲ್ಲ. ಮುಂದಿನ ಎಥನಾಲ್ ವರ್ಷದ ಟೆಂಡರಿಗೆ ಮೊದಲೇ ನಾಲ್ಕೂ ತಾಲೂಕುಗಳ ವರ್ತಕರು, ಬಂಕಿನ ಮಾಲೀಕರು, ಕಾರ್ಖಾನೆಗಳ ಆಡಳಿತ ಮಂಡಳಿಗಳು ಹಾಗೂ ಬೆಳೆಗಾರರ ಪ್ರತಿನಿಧಿಗಳು ಒಂದೆಡೆ ಕುಳಿತು, ಈ ಲೆಕ್ಕವನ್ನು ಮುಂದಿಟ್ಟುಕೊಂಡು ತೈಲ ಕಂಪನಿಗಳಿಗೂ ರಾಜ್ಯ ಸರ್ಕಾರಕ್ಕೂ ಜಂಟಿ ಮನವಿ ಸಲ್ಲಿಸುವುದು ಸೂಕ್ತವೆಂದು ನಮ್ಮ ಅಭಿಪ್ರಾಯ.